ಚೀಲದೊಳಗಿನ ಜಡೆ

"ಅಲ್ಲೇ ನಿಲ್ಸಿ!"

ವಿರೂಪಾಕ್ಷ ರಿಮೋಟಿನ ಗುಂಡಿ ಒತ್ತಿದ. ಟೀವಿಯೊಳಗಿನ ಚಿತ್ರ ನಿಂತಿತು. ನಿಂತರೂ ನಡುಗುತ್ತಲೇ ಇತ್ತು. ಹಳೆಯ ವಿ.ಸಿ.ಆರ್. ಹಿಡಿದು ನಿಲ್ಲಿಸಿದ ಆ ಚಿತ್ರದ ಮೇಲೆ ಎರಡು ಬಿಳಿ ಗೆರೆಗಳು ಅತ್ತಿತ್ತ ಹರಿದಾಡುತ್ತಿದ್ದವು. ಗೆರೆಗಳ ಕೆಳಗೊಂದು ಗೋಣಿಚೀಲ. ಚೀಲದ ಬಾಯಿಂದ ಹೊರಬರುತ್ತಿರುವ ಯಾರದೋ ಕೈ. ಆ ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಎರಡು ಪುಟ್ಟ ಜಡೆ.

ನಾಲ್ಕು ದಿನದಿಂದ ಪಿರಿಯಾಪಟ್ಟಣದ ಸುತ್ತಲಿನ ಊರುಗಳೆಲ್ಲ ಇದನ್ನು ನೋಡಿದ್ದವು. ಮುದ್ದೆ ಮುರಿಯುತ್ತ ನೋಡಿದ್ದವು, ಮಕ್ಕಳನ್ನು ತೊಡೆಗೆ ಅವುಚಿಕೊಂಡು ನೋಡಿದ್ದವು, ಮುಗಿದ ಮೇಲೆ ಎದ್ದು ಬಾಗಿಲಿಗೆ ಚಿಲಕ ಹಾಕಿದ್ದವು.

"ನೋಡಿದ್ಯಲ್ಲ? ಇನ್ನೇನು ಬೇಕು ನಿನಗೆ?" ಎಂದ ವಿರೂಪಾಕ್ಷ. ಈ ಕೇಬಲ್ಲಿನ ಒಡೆಯ ಅವನೇ. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮಹಡಿಯಲ್ಲಿ ಈ ಕಂಟ್ರೋಲ್ ರೂಮು, ಕೆಳಗೆ ಅವನ ಹೆಂಡತಿಯ ಬ್ಯೂಟಿಪಾರ್ಲರು.

ಚಲುವರಾಜು ಟೀವಿಯ ಮುಂದೆ ಮಂಡಿಯೂರಿ ಕುಳಿತ. ನಾಲ್ಕು ವರ್ಷ ಇದೇ ಕೇಬಲ್ಲಿಗೆ ಲೈನ್‌ಮನ್ ಆಗಿ ದುಡಿದವನು ಅವನು. ಸೊಂಟಕ್ಕೆ ಸಿಕ್ಕಿಸಿದ್ದ ಕಟಿಂಗ್ ಪ್ಲೇಯರ್ ಪಕ್ಕೆಗೆ ಒತ್ತುತ್ತಿತ್ತು.

ಮಂಗಳವಾರ ಹೊಸಕೊಪ್ಪಲಿನ ಜನ ಮಕ್ಕಳ ಕಳ್ಳನೆಂದು ಲೈಟುಕಂಬಕ್ಕೆ ಕಟ್ಟಿ ಹೊಡೆದದ್ದು ಅವನ ಅಪ್ಪ ಕರಿಯಯ್ಯನನ್ನು. ಮೈಸೂರಿನ ಆಸ್ಪತ್ರೆಯಲ್ಲಿ ಅಪ್ಪ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇವತ್ತು ಶನಿವಾರ. ಸಂಜೆ ಏಳಕ್ಕೆ ಇದೇ ಚಾನೆಲ್ಲಿನಲ್ಲಿ ಎರಡನೇ ಭಾಗ ಬರಲಿತ್ತು. ಬೆಳಗಿನಿಂದ ಸಿನಿಮಾದ ಕೆಳಗೆ ಅಕ್ಷರಗಳು ಓಡುತ್ತಿದ್ದವು: ಹಾರನಹಳ್ಳಿಯ ಮಕ್ಕಳ ಕಳ್ಳನ ಮನೆ! ಒಳಗೇನಿದೆ? ತಪ್ಪದೆ ನೋಡಿರಿ!

ಆ ಮನೆಯೊಳಗೆ ಈಗ ಕೂತಿದ್ದವರು ಅವನ ಅವ್ವ ಮಲ್ಲಾಜಮ್ಮ, ತಂಗಿ ಪವಿತ್ರಾ.

ಗೋಡೆಯ ಗಡಿಯಾರದಲ್ಲಿ ಐದೂಕಾಲು.

"ಈ ಚೀಲ ಯಾರ್ದು ಸಾರ್?" ಚಲುವರಾಜು ಕೇಳಿದ.

"ಇದೇನೋ ಪ್ರಶ್ನೆ? ನಿಮ್ಮಪ್ಪಂದೇ."

"ಪೊಲೀಸ್ನೋರ ತಾವ ಇರೋದು?"

"ಅದೇ ಕಣೋ."

"ಬೆಳಗ್ಗೆ ಅಲ್ಗೋಗಿದ್ದೆ ನಾನು. ನಿಂಗಯ್ಯ ಅಂತ ದಫೇದಾರ್ರು ಅವ್ರೆ. ಚೀಲ ತೋರ್ಸಿ ಅಂತ ಕಾಲಿಡ್ಕಂಡೆ. ತೋರ್ಸುದ್ರು. ಬರೀ ಉದುರುಗೂದ್ಲು. ಜಡೆ ಎಲ್ಲಿ ಅಂದೆ. ಏನಂದ್ರು ಗೊತ್ತಾ? 'ಜಡೆ ನಾವೂ ನೋಡಿಲ್ಲ ಕಣ್ಲಾ, ಟೀವೀಲಿ ನೋಡಿದ್ದು' ಅಂದ್ರು."

ವಿರೂಪಾಕ್ಷ ನಕ್ಕ. "ಗಲಾಟೇಲಿ ಯಾರೋ ಎತ್ಕೊಂಡು ಹೋಗಿರ್ತಾರೆ. ಅದಕ್ಕೆ ನನ್ನೇನು ಮಾಡು ಅಂತೀಯಾ?"

"ಆ ಚೀಲದಲ್ಲಿ ನೀಲಿ ಬಟ್ಟೆ ತೇಪೆ ಅದೆ ಸಾರ್. ಅಂಗೈಯಗಲ. ಇದ್ರಾಗೆಲ್ಲಿ?"

ವಿರೂಪಾಕ್ಷನ ನಗೆ ನಿಂತಿತು.

ಆ ತೇಪೆಯನ್ನು ಚಲುವರಾಜು ಮರೆಯುವಂತೆಯೇ ಇರಲಿಲ್ಲ. ಏಳನೇ ಕ್ಲಾಸಿಗೆ ಅವನು ಸ್ಕೂಲು ಬಿಟ್ಟ ವರ್ಷ, ಇನ್ನು ಇದರ ಕೆಲಸವಿಲ್ಲವೆಂದು ಅವ್ವ ಅವನ ಯೂನಿಫಾರಂ ಚಡ್ಡಿಯನ್ನು ಕತ್ತರಿಸಿ ಅಪ್ಪನ ಚೀಲದ ತೂತಿಗೆ ಹಾಕಿ ಹೊಲಿದಿದ್ದಳು. ಅಂದಿನಿಂದ ಆ ನೀಲಿ ಚೌಕ ಅಪ್ಪನ ಬೆನ್ನ ಮೇಲೆ ಊರೂರು ತಿರುಗಿತ್ತು. ಚೀಲ ಹರಿದರೆ ತೇಪೆಯನ್ನು ಬಿಚ್ಚಿ ಹೊಸ ಚೀಲಕ್ಕೆ ಹೊಲಿಸಿಕೊಳ್ಳುತ್ತಿದ್ದ ಅಪ್ಪ. ನನ್ನ ಮಗನ ಸ್ಕೂಲು ಎಂದು ನಗುತ್ತಿದ್ದ.

ಟೀವಿಯಲ್ಲಿದ್ದ ಚೀಲ ಹೊಚ್ಚಹೊಸದು. ಎಲ್ಲೂ ತೇಪೆ ಇಲ್ಲ.

"ಆ ಕಡೆ ಇರಬಹುದು, ಹಿಂದುಗಡೆ..." ಎಂದ ವಿರೂಪಾಕ್ಷ.

"ಬಾಯಿ ತಾವ್ಲೇ ಇರೋದು ಸಾರ್. ನೂರು ಸಲ ಹೊತ್ತಿವ್ನಿ ನಾನು."

ಚಲುವರಾಜು ಇನ್ನಷ್ಟು ಮುಂದೆ ಸರಿದ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ. ಟೀವಿಯ ಬಿಸಿ ಮುಖಕ್ಕೆ ಹೊಡೆಯಿತು. ಈಗ ಅವನ ಕಣ್ಣು ಜಡೆಯ ಮೇಲೆ ನೆಟ್ಟಿತ್ತು.

ಕರಿಯಯ್ಯ ಕೂದಲು ಕೊಳ್ಳುವವನು. ಮೂವತ್ತು ವರ್ಷದಿಂದ ಅದೇ ಕಸುಬು. ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಹೆಂಗಸರು ಸುತ್ತಿ ಉಂಡೆ ಮಾಡಿ ಹೆಂಚಿನ ಸಂದಿಗೆ ಸಿಕ್ಕಿಸಿಡುತ್ತಾರೆ. ಕರಿಯಯ್ಯ ಬಂದಾಗ ಕೊಟ್ಟು ಪಿನ್ನೋ ಬಳೆಯೋ ಸ್ಟೀಲ್ ಬಟ್ಟಲೋ ತೆಗೆದುಕೊಳ್ಳುತ್ತಾರೆ. ಆ ಉಂಡೆಗಳನ್ನು ಮನೆಯಲ್ಲಿ ಬಿಡಿಸಬೇಕು. ದಬ್ಬಳದಿಂದ ಎಳೆ ಎಳೆ ಬಿಡಿಸಿ, ಬುಡ ಒಂದು ಕಡೆ ತುದಿ ಒಂದು ಕಡೆ ಜೋಡಿಸಬೇಕು. ಅಕ್ಷರ ಮರೆತ ಬೆರಳುಗಳಿಗೆ ಚಲುವರಾಜು ಕಲಿಸಿದ ವಿದ್ಯೆ ಅದು. ಕತ್ತಲಲ್ಲಿ ಮುಟ್ಟಿದರೂ ಹೇಳುತ್ತಿದ್ದ, ಇದು ಉದುರಿದ ಕೂದಲು, ಇದು ಕತ್ತರಿಸಿದ್ದು ಅಂತ.

ಕತ್ತರಿಸಿದ ಜಡೆಯನ್ನು ಅಪ್ಪ ಮುಟ್ಟುತ್ತಿರಲಿಲ್ಲ. ಒಮ್ಮೆ ಕುಡುಕನೊಬ್ಬ ಹೆಂಡತಿಯ ಜಡೆಯನ್ನು ಕೊಯ್ದು ತಂದು ಮುಂದೆ ಹಿಡಿದಿದ್ದನಂತೆ. ಅಂದು ಅಪ್ಪ ಚೀಲ ಕಟ್ಟಿಕೊಂಡು ಆ ಊರೇ ಬಿಟ್ಟಿದ್ದ. ಹೆಣ್ಣುಮಗಳು ತಾನಾಗಿ ಕೊಟ್ಟದ್ದು ಮಾತ್ರ ನಮ್ಮದು ಕಣ್ಲಾ ಎಂದಿದ್ದ.

ಅಂಥವನ ಚೀಲದಿಂದ ಜಡೆ ತೆಗೆದಿದ್ದರು.

"ಸಾರ್, ಇಲ್ನೋಡಿ." ಚಲುವರಾಜು ಗಾಜಿನ ಮೇಲೆ ಬೆರಳಿಟ್ಟ. "ಜಡೆ ಮೇಲ್ತುದೀಲಿ ಕುಣಿಕೆ ಅದೆ. ದಾರದ ಕುಣಿಕೆ. ಕಾಣ್ತದಾ?"

"ಏನೋ ಕಸ."

"ಕಸ ಅಲ್ಲ ಕಣ್ರೀ. ಚೌರಿ ಇದು!"

ಕೂದಲು ಗಿಡ್ಡವಿರುವವರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕಟ್ಟುಗೂದಲು, ಚೌರಿ. ಉದುರುಗೂದಲನ್ನು ಕಟ್ಟಿ ಅದನ್ನು ಮಾಡುತ್ತಿದ್ದವಳು ಮಲ್ಲಾಜಮ್ಮನೇ. ಬುಡಕ್ಕೆ ದಾರ ಸುತ್ತಿ ಕುಣಿಕೆ ಬಿಡುತ್ತಿದ್ದಳು. ಯಾವಾಗಲೂ ಕಪ್ಪು ದಾರ. ಕಪ್ಪು ದಾರ ಮುಗಿದು ಕುಂಕುಮದ ಬಣ್ಣದ ದಾರ ಸುತ್ತಿದ್ದು ಒಂದೇ ಸಲ. ಆ ದಾರವನ್ನು ಅಂಗಡಿಯಿಂದ ತಂದುಕೊಟ್ಟವನು ಚಲುವರಾಜು.

ನಡುಗುವ ಚಿತ್ರದಲ್ಲಿ ಆ ಕುಣಿಕೆ ಕುಂಕುಮದ ಬಣ್ಣದ್ದಾಗಿತ್ತು.

ಮಗುವಿನ ಜಡೆ! ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟು ಅತ್ತದ್ದು ಅವನ ಅವ್ವ ಮಾಡಿದ ಚೌರಿಯನ್ನು ನೋಡಿ. ಯಾರ ತಲೆಯಿಂದಲೋ ಉದುರಿ, ಹೆಂಚಿನ ಸಂದಿಯಲ್ಲಿ ಕೂತು, ಅಪ್ಪನ ಚೀಲದಲ್ಲಿ ಬಂದು, ಅವ್ವನ ಕೈಯಲ್ಲಿ ಜಡೆಯಾದ ಕೂದಲು. ಅತ್ತವರಲ್ಲಿ ಅರ್ಧ ಹೆಂಗಸರ ಕೂದಲು ಅದರಲ್ಲೇ ಇದ್ದೀತು.

ಸಿಟ್ಟು ಅವನ ಕಿವಿಯಲ್ಲಿ ಗುಂಯ್ ಎಂದಿತು.

"ಇಂಥ ಮೊಳದುದ್ದದ ಚೌರಿ ನಮ್ಮವ್ವ ಯಾವತ್ತೂ ಮಾಡೋಳಲ್ಲ. ದೊಡ್ಡೋರ್ಗೆ ಬರಾಕಿಲ್ಲ ಇದು. ಒಂದೇ ಸಲ ಎರಡು ಜೊತೆ ಮಾಡಿದ್ಲು. ಯಾರ್ಗೆ ಗೊತ್ತಾ? ಕೆಳಗಡೆ ಪಾರ್ಲರ್ಗೆ. ಅಕ್ಕಾವ್ರು ಹೇಳಿ ಮಾಡ್ಸುದ್ರು, ಸ್ಕೂಲ್ ಡೇ ಡ್ಯಾನ್ಸ್‌ಗೆ ಅಂತ. ನಾನೇ ತಂದು ಕೊಟ್ಟಿದ್ದು!"

ವಿರೂಪಾಕ್ಷ ಎದ್ದು ಬಾಗಿಲಿನ ಕಡೆ ನೋಡಿದ. "ಮೆಲ್ಲಗೆ ಮಾತಾಡೋ."

"ಯಾಕೆ ಮೆಲ್ಲಗೆ? ನೀವು ಮೆಲ್ಲಗೆ ಹೇಳುದ್ರಾ? ಮೂರು ವಾರದಿಂದ ದಿನಾ ಏಳ್ ಗಂಟೆಗೆ ಡೋಲು ಬಡಿಸ್ಕಂಡು ಹೇಳುದ್ರಲ್ಲ!"

ಮೂರು ವಾರದ ಹಿಂದೆ ಶುರುವಾಗಿತ್ತು ಆ 'ಎಚ್ಚರ' ಕಾರ್ಯಕ್ರಮ. ಮೊದಲು ಒಂದು ಫೋಟೋ ಬಂತು. ಚೀಲ ಹೊತ್ತ ಮೂವರು ಹೆಂಗಸರು. ವಿರೂಪಾಕ್ಷನ ಕ್ಯಾಮರಾ ಹಿಡಿಯುವ ಉಮಾಶಂಕರ ರಸ್ತೆಯಾಚೆ ಸೈಬರ್ ಸೆಂಟರನ್ನೂ ನಡೆಸುತ್ತಿದ್ದ. ಅವನೇ ಇಂಟರ್ನೆಟ್ಟಿನಿಂದ ತೆಗೆದುಕೊಟ್ಟದ್ದು. ಫೋಟೋದ ಹೆಂಗಸರ ಹಿಂದಿನ ಅಂಗಡಿಯ ಬೋರ್ಡು ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ, ಹಿಂದಿಯೂ ಅಲ್ಲ. ಯಾವ ದೇಶದವರೋ ಪಾಪ. ಅದನ್ನು ಒಬ್ಬನೂ ನೋಡಲಿಲ್ಲ. 'ಇಂಟರ್ನೆಟ್ಟಲ್ಲೇ ಬಂದದಂತೆ' ಎಂಬ ಮಾತಿಗೆ ಸರ್ಕಾರದ ಮೊಹರಿನ ಬೆಲೆ ಬಂತು. ಜೆರಾಕ್ಸ್ ಪ್ರತಿಗಳು ಹಾಲಿನ ಡೈರಿಯ ಗೋಡೆಗೂ ಬಂದವು, ಹುಣಸೂರಿನ ಬಸ್ಸಿನೊಳಗೂ ಬಂದವು. ಬಾಚಿದ ಕೂದಲನ್ನು ಹೆಂಗಸರು ಒಲೆಗೆ ಹಾಕತೊಡಗಿದರು.

ಅಷ್ಟಾಗಿಯೂ ಒಂದು ಮಗುವೂ ಕಾಣೆಯಾಗಿರಲಿಲ್ಲ. ಒಂದೇ ಒಂದು ಮಗು!

ಅಪ್ಪನನ್ನು ಹೊಡೆದವರಲ್ಲಿ ಹೊಸಕೊಪ್ಪಲಿನ ಪುಟ್ಟಮಲ್ಲಮ್ಮನೂ ಇದ್ದಳು. ಇಪ್ಪತ್ತು ವರ್ಷ ಅಪ್ಪನಿಗೆ ಮಜ್ಜಿಗೆ ಕೊಟ್ಟ ಕೈ ಅದು. ಮಂಗಳವಾರ ಒನಕೆ ಹಿಡಿಯಿತು. ಕಂಬಕ್ಕೆ ಕಟ್ಟಿದವನ ಮುಖವನ್ನು ಅವಳು ನೋಡಲಿಲ್ಲವೆ? ನೋಡಲಿಲ್ಲ. ಅವಳು ಹಿಂದಿನ ಸಂಜೆ ಟೀವಿ ನೋಡಿದ್ದಳು.

ಆ ಟೀವಿಗೆ ಕಂಬ ಹತ್ತಿ ವೈರು ಎಳೆದವನು ಚಲುವರಾಜು. ಹೊಸಕೊಪ್ಪಲಿಗೆ ಕೇಬಲ್ ಬಂದ ದಿನ ಅದೇ ಪುಟ್ಟಮಲ್ಲಮ್ಮ ಅವನ ಬಾಯಿಗೆ ಸಕ್ಕರೆ ಹಾಕಿದ್ದಳು. ಅಪ್ಪನನ್ನು ಕಟ್ಟಿದ್ದೂ ಅದೇ ಕಂಬಕ್ಕೆ. ಕಟ್ಟಿದ್ದು ಅವನೇ ಅಲ್ಲಿ ಸುತ್ತಿಟ್ಟಿದ್ದ ಉಳಿಕೆ ವೈರಿನಿಂದ. ನೆನೆದಾಗಲೆಲ್ಲ ಅವನಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನಿಸುತ್ತಿತ್ತು.

"ನೋಡು ಚಲುವ," ವಿರೂಪಾಕ್ಷ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂತ. ದನಿ ಮೆತ್ತಗಾಗಿತ್ತು. "ನೀನು ನನ್ನ ಹತ್ರ ಅನ್ನ ತಿಂದವನು. ನಿನಗೆ ಸುಳ್ಳು ಹೇಳಲ್ಲ. ಮಂಗಳವಾರ ಉಮಾ ಕ್ಯಾಸೆಟ್ ತಂದ. ಹೊಡೆಯೋದೆಲ್ಲ ಬಂದಿತ್ತು. ಚೀಲ ಸುರಿದ್ರೆ ಬರೀ ಕೂದಲ ಉಂಡೆ. ಅದನ್ನ ತೋರಿಸಿದ್ರೆ ಏನಾಗ್ತಿತ್ತು ಹೇಳು?"

"ನಮ್ಮಪ್ಪ ಕಳ್ಳ ಅಲ್ಲ ಅಂತ ಗೊತ್ತಾಯ್ತಿತ್ತು."

"ಅದೇ! ಹೊಡೆದೋರು ಎಷ್ಟು ಜನ? ಒಂದೂರು ಕಣೋ! ಹೆಂಗಸರು ಮಕ್ಕಳು ಎಲ್ಲಾ. ಅವರೆಲ್ಲ ರಾತ್ರಿ ಹೆಂಗೆ ನಿದ್ದೆ ಮಾಡೋದು? ಬೆಳಗೆದ್ದು ಯಾರನ್ನ ಬಯ್ಯೋದು? ನನ್ನನ್ನ! ನೀನು ಹೇಳಿದ್ದಕ್ಕೆ ಹೊಡೆದ್ವಿ ಅಂತ ನನ್ನ ಡಿಶ್ ಕಿತ್ತು ಬಿಸಾಕ್ತಿದ್ರು. ಜನಕ್ಕೆ ಒಂದು ಸಮಾಧಾನ ಬೇಕಿತ್ತು. ಕೊಟ್ಟೆ."

ಚಲುವರಾಜು ಅವನನ್ನೇ ನೋಡಿದ. ಇಷ್ಟು ಸಲೀಸಾಗಿ ಬಂದೀತೆಂದು ಅವನು ಎಣಿಸಿರಲಿಲ್ಲ. ಕಳ್ಳತನ ಒಪ್ಪಿಕೊಂಡವನ ಮುಖ ಹೀಗಿರುತ್ತದೆಯೆ? ನೆಂಟರಿಗೆ ಊಟ ಬಡಿಸಿ ಬಂದವನ ಮುಖದಂತಿತ್ತು.

"ಸಮಾಧಾನ," ಎಂದ ಚಲುವರಾಜು. "ನಮ್ಮಪ್ಪನ ತಲೇಲಿ ಹದಿನೇಳು ಹೊಲಿಗೆ ಬಿದ್ದವೆ. ಅದ್ಕೆ ನೀನು ಸಮಾಧಾನ ಅಂತೀಯಲ್ಲ, ನಿನ್ ಬಾಯಿಗೆ..."

ಸಾರ್ ಹೋಗಿತ್ತು. ನೀವು ಹೋಗಿತ್ತು. ಸೊಂಟದ ಪ್ಲೇಯರ್ ಕೈಗೆ ಬಂದಿತ್ತು.

"ಏಯ್! ಏನ್ಲಾ ಅದು?" ವಿರೂಪಾಕ್ಷ ಕುರ್ಚಿ ಸಮೇತ ಹಿಂದಕ್ಕೆ ಜರುಗಿದ. "ಹೊಡಿತೀಯಾ? ಹೊಡಿ. ಕಳ್ಳನ ಮಗ ಕೊಲೆಗಾರ ಅಂತ ಏಳ್ ಗಂಟೆಗೆ ಅದೇ ಬರ್ತದೆ. ವೈರು ಕತ್ತರಿಸ್ತೀಯಾ? ಕತ್ತರಿಸು. ಸಾಕ್ಷಿ ಮುಚ್ಚೋಕೆ ಕತ್ತರಿಸಿದ ಅಂತಾರೆ. ಟೀವಿ ಇಲ್ದೆ ಎಲ್ಲರೂ ಬೀದಿಗೆ ಬರ್ತಾರೆ. ಬಂದೋರು ಎಲ್ಲಿಗೆ ಹೋಗ್ತಾರೆ, ನೀನೇ ಹೇಳು."

ಚಲುವರಾಜುವಿನ ಕೈ ಅಲ್ಲೇ ನಿಂತಿತು. ಅದನ್ನು ಅವನೂ ಬೆಳಗಿನಿಂದ ಯೋಚಿಸಿದ್ದ. ಹಾರನಹಳ್ಳಿಗೆ ಹೋಗುವ ಮುಖ್ಯ ವೈರು ಯಾವ ಕಂಬದಲ್ಲಿದೆ ಎಂದು ಅವನಿಗೆ ಗೊತ್ತು. ಒಂದು ಸಲ ಕತ್ತರಿಸಿದರೆ ಆಯಿತು. ಆದರೆ ಕತ್ತಲಾದ ಟೀವಿಯ ಮುಂದಿನಿಂದ ಎದ್ದ ಜನ ಎಲ್ಲಿಗೆ ಹೋಗುತ್ತಾರೆಂಬುದೂ ಗೊತ್ತು. ಅವ್ವ ಕೂತಿರುವ ಮನೆಗೆ.

"ಏನ್ರೀ ಗಲಾಟೆ?"

ಬಾಗಿಲಲ್ಲಿ ಮಧುಶ್ರೀ ನಿಂತಿದ್ದಳು. ವಿರೂಪಾಕ್ಷನ ಹೆಂಡತಿ. 'ಎಚ್ಚರ' ಓದುತ್ತಿದ್ದವಳೂ ಅವಳೇ. ಮಂಗಳವಾರ ಸಂಜೆ, ಆ ಮಗುವಿನ ತಾಯಿಯ ಕರುಳು ಎಷ್ಟು ಬೆಂದಿರಬೇಡ ಎಂದು ಓದುತ್ತ ಅವಳು ನಿಜವಾಗಿಯೇ ಅತ್ತಿದ್ದಳು. ಅವಳ ಸೀರೆಯ ಸೆರಗಿನ ಹಿಂದೆ ಎಂಟು ವರ್ಷದ ಮಗಳು ಅನು. ಹುಡುಗಿಯ ತಲೆ ಹಕ್ಕಿಗೂಡಿನಂತೆ ಕೆದರಿತ್ತು.

"ನೀನು ಕೆಳಗೆ ಹೋಗು ಮಧು."

"ಹೋಗಲ್ಲ. ಇವಳನ್ನ ನೀವೇ ಕೇಳಿ. ಐದು ದಿನ ಆಯ್ತು, ತಲೆ ಮುಟ್ಟೋಕೆ ಬಿಡ್ತಿಲ್ಲ. ಬಾಚಿದ್ರೆ ಕೂದಲು ಉದುರತ್ತಂತೆ, ಉದುರಿದ್ರೆ ಕೂದಲೋನು ವಾಸನೆ ಹಿಡ್ಕೊಂಡು ಬರ್ತಾನಂತೆ. ರಾತ್ರಿ ಹಾಸಿಗೇಲಿ ಉಚ್ಚೆ ಹುಯ್ಕೋತಾಳೆ. ಸ್ಕೂಲಿಗೂ ಹೋಗ್ತಿಲ್ಲ..."

ಆಗ ಅವಳ ಕಣ್ಣು ಚಲುವರಾಜುವಿನ ಮೇಲೆ ಬಿತ್ತು. ಮಾತು ನಿಂತಿತು. ಕೂದಲೋನ ಮಗ. ಅವಳ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಮಗಳನ್ನು ಮುಚ್ಚಿತು.

ಆ ಕೈಯನ್ನು ನೋಡಿ ಚಲುವರಾಜುವಿಗೆ ಕಪಾಳಕ್ಕೆ ಹೊಡೆದಂತಾಯಿತು. ಇದೇ ಅಕ್ಕ ಹಬ್ಬಕ್ಕೆ ಅವನನ್ನು ಒಳಗೆ ಕೂರಿಸಿ ಒಬ್ಬಟ್ಟು ಬಡಿಸಿದ್ದವಳು.

ಆದರೆ ಅನು ಅಮ್ಮನ ಕೈಯ ಕೆಳಗಿನಿಂದ ಇಣುಕಿದಳು. ಅವಳು ನೋಡಿದ್ದು ಚಲುವರಾಜುವನ್ನಲ್ಲ. ಅವನ ಹಿಂದೆ ನಡುಗುತ್ತಿದ್ದ ಟೀವಿಯನ್ನು.

"ಅಮ್ಮಾ," ಎಂದಳು. "ಅದು ನನ್ನ ಡ್ಯಾನ್ಸ್ ಜಡೆ ಅಲ್ವಾ?"

ವಿ.ಸಿ.ಆರ್. ಗಿರಗಿರ ಎನ್ನುತ್ತಿತ್ತು.

"ಏನಂದೆ?" ಎಂದಳು ಮಧುಶ್ರೀ.

"ಅದೇ ಅಮ್ಮ, ನಾನೂ ಪಕ್ಕದ ಮನೆ ಹುಡುಗೀನೂ ಹಾಕ್ಕೊಂಡಿದ್ವಲ್ಲ! ರಿಬ್ಬನ್ ಮೇಲೆ ನಾನೇ ಶಾಯಿ ಚೆಲ್ಲಿದ್ದೆ, ನೀನು ಹೊಡೆದಿದ್ದೆ. ನೋಡು, ಅಲ್ಲಿ ಕಲೆ!"

ಮಧುಶ್ರೀ ಟೀವಿಯ ಬಳಿ ಬಂದಳು. ನಾಲ್ಕು ದಿನ ಅವಳು ಈ ಚಿತ್ರವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಇದು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಮಗಳನ್ನು ಒಳಗಿನ ಕೋಣೆಗೆ ಅಟ್ಟುತ್ತಿದ್ದಳು. ಈಗ ನೋಡಿದಳು. ಕೆಂಪು ರಿಬ್ಬನ್ನಿನ ತುದಿಯಲ್ಲಿ ಕಾಸಗಲದ ನೀಲಿ ಕಲೆ.

"ಪಾರ್ಲರಿನ ಡ್ರಾಯರ್ ಎಲ್ಲಾ ಹುಡುಕಿದೆ ಈ ಚೌರಿಗೆ," ಎಂದಳು. ದನಿ ಟೀವಿಯಲ್ಲಿ ಓದುವಾಗಿನ ದನಿಯಾಗಿರಲಿಲ್ಲ. "ನೀವು ತಗೊಂಡ್ರಾ?"

ವಿರೂಪಾಕ್ಷ ರಿಮೋಟನ್ನು ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

"ನನ್ನ ಕೈಲಿ ಓದಿಸಿದ್ರಿ! ತಾಯಿ ಕರುಳು ಅಂತೆಲ್ಲ ಬರೆದು ಓದಿಸಿದ್ರಿ! ನನ್ನ ಮಗಳ ಜಡೆ ಇಟ್ಕೊಂಡು, ನನ್ನ ಮಗಳನ್ನೇ ಹೆದರಿಸಿ ಹುಚ್ಚಿ ಮಾಡಿದ್ರಲ್ರೀ!"

"ಮಧು, ಮಗು ಮುಂದೆ..."

"ಮಗು ಮುಂದೇನೇ. ಏಳು ಗಂಟೆಗೆ ಇವರ ಮನೆ ತೋರಿಸಿದ್ರೆ, ನಾನೇ ಕ್ಯಾಮರಾ ಮುಂದೆ ಕೂತು ಈ ಚೌರಿ ಯಾರದು ಅಂತ ಹೇಳ್ತೀನಿ. ಏನ್ ಮಾಡ್ಕೋತೀರಾ ಮಾಡ್ಕೊಳ್ಳಿ." ಅವಳು ಚಲುವರಾಜುವಿನ ಕಡೆ ತಿರುಗಿದಳು. ಅವನ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. "ಅಪ್ಪ ಹೆಂಗಿದಾರಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ವಿರೂಪಾಕ್ಷ ಎದ್ದು ಮೂಲೆಯ ಕಂಪ್ಯೂಟರಿನ ಮುಂದೆ ಕೂತು ನಾಲ್ಕು ಗುಂಡಿ ಒತ್ತಿದ. ಸಿನಿಮಾದ ಕೆಳಗೆ ಓಡುತ್ತಿದ್ದ ಅಕ್ಷರಗಳು ಅಳಿಸಿಹೋದವು.

"ತೆಗೆದೆ. ಏಳಕ್ಕೆ ಏನೂ ಬರಲ್ಲ. ಆಯ್ತಾ?"

ಚಲುವರಾಜು ಗೋಡೆಗೆ ಒರಗಿದ. ಅವ್ವನಿಗೆ ಇವತ್ತಿನ ರಾತ್ರಿ ಸಿಕ್ಕಿತು ಎಂದುಕೊಂಡ. ಒಂದು ಕ್ಷಣವಷ್ಟೇ. ಬೆಳಗಿನಿಂದ ಒಳಗೆ ಕೊರೆಯುತ್ತಿದ್ದ ಇನ್ನೊಂದು ಪ್ರಶ್ನೆ ತಲೆಯೆತ್ತಿತು.

"ಜಡೆ ಆಮ್ಯಾಲಿನ ಮಾತು. ಹೊಡೆದಿದ್ದು ಯಾಕೆ? ಸೋಮವಾರದವರ್ಗೂ ಚೀಲದ ಹೆಂಗಸ್ರು ಅಂತಿದ್ರಿ. ಸೋಮವಾರ ಸಂಜೆ 'ಕೂದಲು ಕೊಳ್ಳೋನ ವೇಷದಲ್ಲಿ ಬತ್ತಾರೆ' ಅಂತ ಬರೆದ್ರಿ. ಮಂಗಳವಾರ ಬೆಳಗ್ಗೆ ನಮ್ಮಪ್ಪನ್ನ ಇಡುದ್ರು. ಈ ಸುತ್ತಿನಾಗೆ ಕೂದಲು ಕೊಳ್ಳೋನು ಅವ್ನೊಬ್ನೇ. ಯಾರು ಬರ್ಸಿದ್ದು ಅದನ್ನ?"

"ಉಮಾ ಟೈಪ್ ಮಾಡಿದ್ದು. ನಂಬೋ ಸುದ್ದಿ ಅಂದ."

"ಹೊಡೆಯೋವಾಗ ಕ್ಯಾಮರಾ ಹೆಂಗೆ ಬಂತು ಅಲ್ಗೆ? ಪೊಲೀಸ್ನೋರ್ಗಿಂತ ಮುಂಚೆ?"

"ಅವನು ಆ ಕಡೆಗೆ ಯಾವುದೋ ಮದುವೆ ತೆಗೆಯೋಕೆ ಹೋಗಿದ್ದನಂತೆ."

ಚಲುವರಾಜು ತಲೆಯೆತ್ತಿದ. "ಮಂಗಳವಾರ ಯಾರ್ ಮನೇಲಿ ಮದ್ವೆ ಮಾಡ್ತಾರೆ?"

ಮೂವತ್ತು ವರ್ಷದಿಂದ ಈ ಊರಿನಲ್ಲಿ ಲಗ್ನಪತ್ರಿಕೆ ಓದಿದವನು ವಿರೂಪಾಕ್ಷ. ಮಂಗಳವಾರದ ಮುಹೂರ್ತವನ್ನು ಒಂದರಲ್ಲೂ ಕಂಡವನಲ್ಲ. ಉಮಾಶಂಕರ ಹೇಳಿದಾಗ ಅದು ಅವನಿಗೆ ಹೊಳೆದೇ ಇರಲಿಲ್ಲ. ಹೊಡೆತದ ಚಿತ್ರ ಅಷ್ಟು ಚೆನ್ನಾಗಿ ಬಂದಿತ್ತು.

"ಅವನ ಮೇಲೆ ಯಾಕ್ಲಾ ಅನುಮಾನ ನಿನಗೆ?" ಎಂದ ಕೊನೆಗೆ. "ನಿನ್ನ ತಂಗೀನೇ ಅವನ ಹತ್ರ ಕಂಪ್ಯೂಟರ್ ಕಲೀತಾಳೆ. ಕಾಸೂ ಇಸ್ಕೊಳಲ್ಲ ಅವನು. ನಿಮ್ಮ ಮೇಲೆ ಅವನಿಗೇನು ದ್ವೇಷ?"

"ಅವ್ನು ಎಲ್ಲವ್ನೆ?"

"ಮಧ್ಯಾಹ್ನ ಹೋದ. ಎಲ್ಲಿಗೆ ಅಂತ ಹೇಳ್ಲಿಲ್ಲ."

"ಏಳ್ ಗಂಟೆ ಕ್ಯಾಸೆಟ್ ಕೊಡಿ."

"ಬರಲ್ಲ ಅಂದ್ನಲ್ಲೋ."

"ಕೊಡಿ. ನಮ್ಮನೆ ಒಳ್ಗೆ ಅವ್ನು ಏನು ತೆಗ್ದವ್ನೆ, ನಾನೂ ನೋಡ್ತೀನಿ."

ವಿರೂಪಾಕ್ಷ ಕಪಾಟಿನಿಂದ ಕ್ಯಾಸೆಟ್ಟು ತೆಗೆದ. ಮೇಲೆ ಉಮಾಶಂಕರನ ಅಕ್ಷರ: ಕಳ್ಳನ ಮನೆ. "ನಾನೂ ಪೂರ್ತಿ ನೋಡಿಲ್ಲ," ಎಂದ. "ನಿನ್ನೆ ತೆಗೆದದ್ದು ಅಂದ. ನಿಮ್ಮವ್ವನೂ ನೀನೂ ಆಸ್ಪತ್ರೆಗೆ ಹೋದಾಗ."

ಚಿತ್ರ ಮೂಡಿತು. ಹಾರನಹಳ್ಳಿಯ ಕೊನೆಯ ಬೀದಿ. ಅವರ ಹಸಿರು ಬಾಗಿಲು. ಬಾಗಿಲು ತೆರೆದೇ ಇತ್ತು. ಕ್ಯಾಮರಾ ಹೊಸ್ತಿಲು ದಾಟಿತು. ಅವ್ವನ ದಬ್ಬಳಗಳು. ಬಿಡಿಸಿಟ್ಟ ಕೂದಲಿನ ರಾಶಿ. ದೇವರ ಗೂಡು. ಕ್ಯಾಮರಾ ನಿಧಾನವಾಗಿ ಗೋಡೆಯ ಕಡೆ ತಿರುಗಿತು. ಗೂಟದಲ್ಲಿ ಅಪ್ಪನ ಟವೆಲು. ಟವೆಲಿನ ಪಕ್ಕ ನೇತುಹಾಕಿದ ಚೀಲ.

ಚೀಲದ ಬಾಯಿಯ ಹತ್ತಿರ ಅಂಗೈಯಗಲದ ನೀಲಿ ತೇಪೆ.

"ನಿಲ್ಸಿ," ಎಂದ ಚಲುವರಾಜು. ಈ ಸಲ ಕೂಗಲಿಲ್ಲ.

"ಏನಾಯ್ತು?"

"ನಿನ್ನೆ ಅಲ್ಲ ಇದು. ಈ ಚೀಲ ಮಂಗಳವಾರದಿಂದ ಪೊಲೀಸ್ನೋರ ತಾವ ಅದೆ. ಇದನ್ನ ತೆಗೆದಿರೋದು ಅಪ್ಪನ್ನ ಹೊಡೆಯೋಕೆ ಮುಂಚೆ."

ವಿರೂಪಾಕ್ಷನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು. ಕಳ್ಳ ಎಂದು ಯಾರೂ ಹೇಳುವ ಮೊದಲೇ ಕಳ್ಳನ ಮನೆಯ ಚಿತ್ರ ಸಿದ್ಧವಾಗಿತ್ತು. ತಾನು ಬಿತ್ತರಿಸಿದ ಕತೆಯನ್ನು ಬರೆದವನು ಬೇರೆ ಯಾರೋ.

"ಬುಡಿ. ಮುಂದಕ್ಕೆ."

ಕ್ಯಾಮರಾ ಒಳಕೋಣೆಗೆ ಹೋಯಿತು. ಅಪ್ಪನ ತಗಡಿನ ಟ್ರಂಕು. ಚಿತ್ರದ ಅಂಚಿನಿಂದ ಒಂದು ಕೈ ಬಂದು ಟ್ರಂಕಿನ ಮುಚ್ಚಳ ಎತ್ತಿತು. ಹೆಣ್ಣಿನ ಕೈ. ಹಸಿರು ಗಾಜಿನ ಬಳೆ ಆರು, ಮಧ್ಯೆ ಒಂದು ಕಪ್ಪು. ಕಳೆದ ಗೌರಿ ಹಬ್ಬಕ್ಕೆ ಹುಣಸೂರಿನ ಪೇಟೆಯಲ್ಲಿ, ದೃಷ್ಟಿಯಾಗದಿರಲಿ ಅಂತ ನಡುವೆ ಒಂದು ಕಪ್ಪು ಹಾಕಿಸಿ, ಆ ಬಳೆಗಳನ್ನು ಕೊಂಡವನು ಚಲುವರಾಜು.

"ಬೇಗ ತೆಗೀರಿ ಉಮಾ," ಎಂದಿತು ಟೀವಿ. "ಹಿತ್ತಲಲ್ಲಿ ಮಲಗಿರೋ ಅಪ್ಪ ಎದ್ದು ಬರೋ ಹೊತ್ತಾಯ್ತು."

ಪವಿತ್ರಾಳ ದನಿ. ಆಮೇಲೆ ಅವಳ ಸಣ್ಣ ನಗೆ.

ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಚಲುವರಾಜು ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರುತ್ತ ಬೀದಿಗಿಳಿದ. ಉಮಾಶಂಕರ ಮಧ್ಯಾಹ್ನ ಎಲ್ಲಿಗೆ ಹೋದನೆಂದು ಈಗ ಹೊಳೆದಿತ್ತು. ಬೆಳಿಗ್ಗೆ ಅವನು ಮನೆಯ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಬಂದಿದ್ದ, ಯಾರಿಲ್ಲದ ಮನೆಯಂತೆ ಕಾಣಲಿ ಎಂದು. ಅವ್ವನನ್ನು ಒಳಕೋಣೆಯಲ್ಲಿ ಕೂರಿಸಿದ್ದ. ಯಾರೇ ಬಂದರೂ ಬಾಗಿಲು ತೆಗೆಯಬೇಡ ಎಂದು ಆಣೆ ಹಾಕಿಸಿ, ಹಿತ್ತಲ ಬಾಗಿಲಿನ ಬೀಗದ ಕೈಯನ್ನು ಹಸಿರು ಬಳೆಯ ಆ ಕೈಗೇ ಕೊಟ್ಟಿದ್ದ.